ದರ್ಜಿಯ ಮಗಳ ಬೆರಳು

ಅಪ್ಪಾ,

ಗ್ರಂಥಾಲಯದಲ್ಲಿ ಹುಡುಗಿಯರಿಗಾಗಿ ನಡೆಯುವ ಶನಿವಾರದ ವಿಜ್ಞಾನ ತರಗತಿಯನ್ನು ಈಗ ನಾನೇ ನೋಡಿಕೊಳ್ಳುತ್ತೇನೆ. ಇವತ್ತು ದರ್ಜಿಯ ಮಗಳು ರೇಡಿಯೊಗೆ ಬೆಸುಗೆ ಹಾಕುತ್ತಾ ಬೆರಳು ಸುಟ್ಟುಕೊಂಡಳು. ಕರೆದೊಯ್ಯಲು ಬಂದ ದರ್ಜಿ ಕಿಡಿಕಿಡಿಯಾದ.

“ಇನ್ಮೇಲೆ ಇದೆಲ್ಲ ಬೇಡ. ಮನೇಲಿ ಕೂತು ಕಥೆ ಪುಸ್ತಕ ಓದು.”

“ಸೂಜಿ ಚುಚ್ಚಿದ್ರೆ ನೀನು ಹೊಲಿಯೋದು ಬಿಡ್ತೀಯೇನಪ್ಪಾ?”

“ಬಾಯಿ ನೋಡು ಇವಳದ್ದು! ನೀವೇ ಬುದ್ಧಿ ಹೇಳಿ, ಮೇಡಂ.”

ನಿಮ್ಮ ರಿಪೇರಿ ಅಂಗಡಿಯಲ್ಲಿ ನನ್ನ ಕೈಯಿಂದ ಸೋಲ್ಡರಿಂಗ್ ಐರನ್ ಕಸಿದು ಅಣ್ಣನಿಗೆ ಕೊಟ್ಟ ದಿನ ನೀವೂ ಕಥೆ ಪುಸ್ತಕವನ್ನೇ ತಂದುಕೊಟ್ಟಿರಿ. ಓದಿ ಓದಿ ಸಾಹಿತ್ಯದಲ್ಲಿ ಪದವಿಯನ್ನೂ ಪಡೆದೆ. ಆದರೂ ಬೇರೆ ಮಾತು ಹೊಳೆಯದೆ, “ಅಪ್ಪ ಹೇಳಿದ ಹಾಗೆ ಕೇಳಮ್ಮ” ಎಂದುಬಿಟ್ಟೆ.

ಹೋಗುವಾಗ ಅವಳು ನನ್ನನ್ನೊಮ್ಮೆ ತಿರುಗಿ ನೋಡಿದಳು. ನೀವಿದ್ದಷ್ಟು ದಿನ ನಾನು ನಿಮ್ಮನ್ನು ಹಾಗೆಯೇ ನೋಡುತ್ತಿದ್ದೆ.