ಬಂಗುಡೆಯ ಜಾಗದಲ್ಲಿ ಕಮಲ

ಮೇಷ್ಟ್ರೇ,

ನೀವು ಹೋಗಿ ವರ್ಷವಾಗುತ್ತ ಬಂತು. ಹೇಗಿದ್ದೀರಿ ಅಂತ ಕೇಳುವ ಹಾಗಿಲ್ಲ. ನಾನಂತೂ ಚೆನ್ನಾಗಿಲ್ಲ. ಹೋದ ಭಾನುವಾರದಿಂದ ನಮ್ಮ ಜನರ ಮೇಲೆ ಹೇಸಿಗೆ ಹುಟ್ಟಿಬಿಟ್ಟಿದೆ. ಇದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ಬರ್ಕ್ಲಿಯ ನಿಮ್ಮ ಅಪಾರ್ಟ್‌ಮೆಂಟಿಗೆ ಮೊದಲ ಸಲ ಬಂದಾಗ ನಾನು ಮೈಸೂರಿನಿಂದ ಕೆಮಿಸ್ಟ್ರಿ ಓದಲು ಈ ದೇಶಕ್ಕೆ ಬಂದಿಳಿದವನು. ಮಂಗಳೂರಿನವರೊಬ್ಬರು ಇಲ್ಲಿ ಇಟಾಲಿಯನ್ ಕಲಿಸುತ್ತಾರೆ ಅಂದರೆ ನಂಬಿಕೆಯೇ ಬಂದಿರಲಿಲ್ಲ. ಮೀನು ಸಾರಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡದ್ದು ನೋಡಿ ನಕ್ಕಿರಿ. ನಕ್ಕು, ನಿಮ್ಮ ವೆನಿಸಿನವನ ಕಥೆ ಶುರು ಮಾಡಿದಿರಿ. ನಾನೂರೈವತ್ತು ವರ್ಷದ ಹಿಂದೆ ಇದ್ದವನು. ಗ್ರೀಕು, ಹೀಬ್ರೂ, ಅರಬ್ಬೀ ಎಲ್ಲ ಅರೆದು ಕುಡಿದವನು. ಆದರೂ ಗ್ರೀಕರ ಹಳೆಯ ಪ್ರಹಸನಗಳನ್ನು ಪಂಡಿತರ ಲ್ಯಾಟಿನ್ನಿಗೆ ತರದೆ ತನ್ನೂರಿನ ಮೀನು ಮಾರುಕಟ್ಟೆಯ ಮಾತಿಗೆ ತಂದ. ಬರೆದದ್ದನ್ನು ಮೀನಿನ ಹೆಂಗಸರ ಮುಂದೆ ಓದುತ್ತಿದ್ದನಂತೆ, ಅವರು ನಗದಿದ್ದರೆ ಹರಿದು ಹಾಕುತ್ತಿದ್ದನಂತೆ. ಅವನು ಸತ್ತ ಮೇಲೆ ಅವನ ಶಿಷ್ಯರೇ ಕೂತು ಆ ಮಾತನ್ನೆಲ್ಲ ತೊಳೆದು, ಗುರುವಿನ ಮರ್ಯಾದೆ ಉಳಿಸಿದೆವು ಅಂತ ಅಚ್ಚು ಹಾಕಿಸಿದರು. "ಸತ್ತವನ ಬಾಯಿಗೆ ಸೋಪು ಹಾಕಿದ್ರು ಮಾರಾಯ!" ಅಂತ ನೀವು ಮೇಜು ಗುದ್ದಿದ್ದು...

ಆ ತೊಳೆಯದ ಹಸ್ತಪ್ರತಿಯನ್ನು ಹುಡುಕಿ ಕನ್ನಡಕ್ಕೆ ತರುವಾಗ ನೀವೂ ಅವನ ದಾರಿಯನ್ನೇ ಹಿಡಿದಿರಿ. ಶನಿವಾರ ನನ್ನನ್ನು ಎದುರಿಗೆ ಕೂರಿಸಿಕೊಂಡು ಓದುವುದು, ನಾನು ನಗದಿದ್ದರೆ ಪುಟ ಚಿಂದಿ. ಮೀನಿನವಳು ಊರ ಶ್ರೀಮಂತನಿಗೆ ಬೈಯುವ ಆ ಮಾತು ನೆನಪಿದೆಯಾ? "ಹೋಗೋ ಕೊಳೆತ ಬಂಗುಡೆ, ನಿನ್ನ ಮೋರೆಯನ್ನು ನಾಯಿ ಸಹ ಮೂಸುವುದಿಲ್ಲ!" ಕೇಳಿ ನನಗೆ ಕಾಫಿ ನೆತ್ತಿಗೇರಿತ್ತು.

ಇಲ್ಲಿನ ಕನ್ನಡ ಸಂಘದ ಸಂತಾಪ ಸಭೆಯ ದಿನವೇ ನನಗೆ ವಾಸನೆ ಬಡಿಯಬೇಕಿತ್ತು. ನೀವಿದ್ದಾಗ, ಅವರ ಮನೆಯಲ್ಲಿ ಮೀನು ಮಾಡ್ತಾರೆ ಅಂತ ನಿಮ್ಮ ಹೊಸಿಲು ತುಳಿಯದವರೆಲ್ಲ ಅವತ್ತು ನಿಮ್ಮನ್ನು ಭಾಷಾಋಷಿ ಮಾಡಿದರು. ನಿಮ್ಮ ಅನುವಾದವನ್ನು ಸಂಘದಿಂದಲೇ ಪ್ರಕಟಿಸುತ್ತೇವೆ ಅಂದಾಗ ನಾನು ಪೆದ್ದನ ಹಾಗೆ ಚಪ್ಪಾಳೆ ತಟ್ಟಿದೆ.

ಹೋದ ಭಾನುವಾರ ಮೆನ್ಲೋ ಪಾರ್ಕಿನಲ್ಲಿ, ನಮ್ಮ ಸಂಘದ ಅಧ್ಯಕ್ಷರಾದ ಮೂರ್ತಿಯವರ ಮನೆಯಲ್ಲಿ ಸೇರಿದ್ದೆವು. ಬೆಂಗಳೂರಿನ ಪ್ರೆಸ್ಸಿನಿಂದ ಏರ್‌ಮೇಲಿನಲ್ಲಿ ಪ್ರೂಫು ಬಂದಿತ್ತು. ತೆರೆದರೆ ನಿಮ್ಮ ಮೀನಿನವಳು ಹೇಳುತ್ತಾಳೆ: "ಎಲೈ ಬಾಡಿದ ಕಮಲವೇ, ನಿನ್ನ ವದನವನ್ನು ಶುನಕವೂ ಆಘ್ರಾಣಿಸದು!" ಮೇಷ್ಟ್ರೇ, ಅದನ್ನು ಮೂರ್ತಿಯವರ ಮುಖದ ಮುಂದೆ ಹಿಡಿದೆ.

"ಲ್ಯಾಂಗ್ವೇಜು ಸ್ವಲ್ಪ ರಫ್ ಆಗಿತ್ತು ಕಣ್ರೀ, ನಾವೇ ಪಾಲಿಶ್ ಮಾಡಿ ಕಳಿಸಿದ್ವಿ" ಅಂದರು ಮೂರ್ತಿ, ಕೇಸರಿಬಾತ್ ಬಾಯಲ್ಲಿಟ್ಟುಕೊಂಡೇ. "ಲೇಡೀಸು, ಮಕ್ಕಳು ಎಲ್ಲಾ ಓದ್ತಾರಲ್ವಾ? ಪಾಪ, ಅಷ್ಟು ದೊಡ್ಡ ಸ್ಕಾಲರು, ಅವರ ಹೆಸರಿಗೆ ಹೊಲಸು ಮಾತು ಅಂಟಬಾರದು."

"ಅವರ ಬಾಯಿ ತೊಳೆಯೋಕೆ ನೀವ್ಯಾರು?" ಅಂತ ಕೂಗಿದೆ. "ಕೂಲ್ ಡೌನ್" ಅಂದರು. ಉಳಿದವರು ಇನ್ನೊಂದು ಸುತ್ತು ಕೇಸರಿಬಾತ್ ಬಡಿಸಿಕೊಂಡರು. ಕೊಂದು ಹಾರ ಹಾಕುವುದು ಅಂದರೆ ಇದಲ್ಲವಾ?

ನಿಮ್ಮ ಲೀಲಕ್ಕ ಮೂಲೆಯ ಸೋಫಾದಲ್ಲಿದ್ದರು. ಹೆಂಡತಿ ಅಂತ ಪ್ರಕಟಣೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಕರೆಸಿದ್ದರು. ಇಷ್ಟು ವರ್ಷ ಯಾವ ಸಭೆಯಲ್ಲೂ ತುಟಿ ಬಿಚ್ಚದವರು, ಎದ್ದು ಬಂದು ಪ್ರೂಫು ಇಸಕೊಂಡರು.

"ಹೊಲಸಾ?" ಅಂದರು. "ಮೂರ್ತಿಯವರೇ, ಈ ಬೈಗುಳ ಅವರದ್ದಲ್ಲ, ನನ್ನದು. ಅಡುಗೆಮನೆಯಲ್ಲಿ ನಾನು ಅವರಿಗೆ ತುಳುವಿನಲ್ಲಿ ಬೈದದ್ದು, ಅವರು ಕನ್ನಡ ಮಾಡಿದ್ದು. ನನ್ನ ಅಮ್ಮ ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟು ಕೂತು ಹೀಗೇ ಮಾತಾಡಿ ನನ್ನನ್ನು ಸಾಕಿದ್ದು. ನೀವು ತೊಳೆದದ್ದು ಯಾರ ಬಾಯಿ ಅಂತ ಗೊತ್ತುಂಟಾ?"

ಅವರು ಸಹಿ ಹಾಕಲಿಲ್ಲ.

ಬರ್ಕ್ಲಿಗೆ ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ನಾನು ಅವರನ್ನೆಲ್ಲ ಬೈಯುತ್ತಲೇ ಇದ್ದೆ. ಲೀಲಕ್ಕ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದರು. ಮಾತೆಲ್ಲ ಬರೆದುಕೊಂಡು ನನ್ನ ಮಾನ ತೆಗೀಬೇಡಿ ಅಂತ ನಿಮ್ಮ ಹತ್ತಿರ ಎಷ್ಟೋ ಸಲ ಜಗಳವಾಡಿದ್ದರಂತೆ. "ಅವರಿದ್ದಾಗ ಒಂದು ಸಲವಾದ್ರೂ ಒಳ್ಳೇದಾಗಿದೆ ಅಂತ ಹೇಳ್ಬೇಕಿತ್ತು" ಅಂದರು. ನೀವು ಕೇಳದೆ ಹೋದ ಮಾತು ಅದು. ಇಗೋ, ತಲುಪಿಸಿದ್ದೇನೆ.

ಸಂಘದವರು ಪುಸ್ತಕ ಕೈಬಿಟ್ಟರು, ಪೀಡೆ ತೊಲಗಿತು. ಅಚ್ಚು ಹಾಕಿಸುವುದು ಇನ್ನು ನನ್ನ ಹೊಣೆ, ಒಂದಕ್ಷರ ಆಚೀಚೆ ಆಗದ ಹಾಗೆ. ಮುಖಪುಟದ ಮೇಲೆ ಎರಡು ಹೆಸರಿರುತ್ತವೆ. ಲೀಲಕ್ಕ ಒಪ್ಪಿದ್ದಾರೆ, ಆದರೆ ತಮ್ಮ ಹೆಸರೇ ಮೊದಲು ಬರಬೇಕಂತೆ.

ನಿಮ್ಮ
ಶ್ರೀಧರ