ಯಾವ ಮಗು?

ಫೆಬ್ರವರಿ ೩, ಸೋಮವಾರ. ಮಧ್ಯಾಹ್ನ ೧.೧೦

ಹನ್ನೊಂದು ಮಕ್ಕಳು ಮಲಗಿವೆ. ಹನ್ನೆರಡನೆಯದು ಎಂದಿನಂತೆ ಕಣ್ಣು ಪಿಳಿಪಿಳಿ ಬಿಡುತ್ತಿದೆ. ಜುಟ್ಟು. ನಾನಿಟ್ಟ ಅಡ್ಡಹೆಸರು. ಮೂರು ವರ್ಷದ ಹುಡುಗಿ, ನನ್ನ ಕೋಣೆಗೆ ಬಂದು ಐದು ತಿಂಗಳಾಯಿತು — ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ. ಹಠವೆಂದರೆ ಹಠ. ಬೆಳಿಗ್ಗೆ ನಾಲ್ಕು ಸಲ ಕರೆದು ಐದನೆಯ ಸಲ ರೇಗಿಬಿಟ್ಟೆ — "ಏನೇ, ಕಿವಿ ಕೇಳ್ಸಲ್ವಾ ನಿಂಗೆ?"

ಹೆಡ್ ಮೇಡಂ ತಮ್ಮ ರೂಮಿಗೆ ಕರೆದಿದ್ದರು. ಇಲಾಖೆಯ ಹೊಸ ಯೋಜನೆಯಂತೆ. ಬೇರೆ ದೇಶದಲ್ಲಿ ಪುಟ್ಟ ಮಕ್ಕಳ ಟೀಚರ್ ಆಗಿದ್ದವರನ್ನು ಇಲ್ಲಿನ ಡೇಕೇರ್‌ಗಳಿಗೆ ತಯಾರು ಮಾಡುವುದು. ನಾಳೆಯಿಂದ ಹನ್ನೆರಡು ವಾರ ಒಬ್ಬಳು ನನ್ನ ಜೊತೆ ಇರುತ್ತಾಳೆ. ಒಂದು ಫಾರಂ ಕೊಟ್ಟಿದ್ದಾರೆ. ಮೂವತ್ತೆಂಟು ಅಂಶ. ಪ್ರತಿಯೊಂದಕ್ಕೂ 'ಹೌದು' ಇಲ್ಲವೇ 'ಇಲ್ಲ'. ಕೊನೆಯ ವಾರ ಪರೀಕ್ಷಕರು ಬರುತ್ತಾರೆ. ಫೇಲಾದರೆ ಅವಳು ಎರಡು ವರ್ಷದ ಕೋರ್ಸನ್ನು ಮೊದಲಿನಿಂದ ಓದಬೇಕು.

"ನಾನೇ ಯಾಕೆ ಮೇಡಂ?"

"ಇಪ್ಪತ್ತಾರು ವರ್ಷ ಸರ್ವಿಸ್ ಆಗಿರೋರು ಇಲ್ಲಿ ಇನ್ಯಾರಿದಾರೆ ಹೇಳಿ?"

ಬೆಣ್ಣೆ ಹಚ್ಚುವುದನ್ನು ಅವರಿಂದ ಕಲಿಯಬೇಕು. ಇರುವ ಕೆಲಸಕ್ಕೇ ಎರಡು ಕೈ ಸಾಲದು, ಈಗ ಇದೊಂದು.

ಫೆಬ್ರವರಿ ೪, ಮಂಗಳವಾರ. ಮಧ್ಯಾಹ್ನ ೧.೨೦

ಬಂದಳು. ನಲವತ್ತು ದಾಟಿರಬೇಕು. ಗರಿಗರಿ ಇಸ್ತ್ರಿಯ ಅಂಗಿ. ನಮ್ಮ ಭಾಷೆ ಇನ್ನೂ ತಡವರಿಕೆ. ಹೆಡ್ ಮೇಡಂಗೆ ನಗುನಗುತ್ತ, "ನೀನು ಊಟ ಆಯ್ತಾ?" ಎಂದು ಕೇಳಿದಳು. ಮೇಡಂ ಮುಖ ನೋಡಬೇಕಿತ್ತು! ಅಡುಗೆಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದರು. ಹುಡುಗರನ್ನು 'ಅವಳು' ಅನ್ನುತ್ತಾಳೆ, ಹುಡುಗಿಯರನ್ನು 'ಅವನು' ಅನ್ನುತ್ತಾಳೆ. ನನಗೆ ಮಾತ್ರ ಮಾತಿಗೊಂದು 'ಮೇಡಂ'. "ಮೇಡಂ ಬೇಡ, ಅಕ್ಕ ಅನ್ನು" ಎಂದೆ.

ಫೈಲ್ ನೋಡಿದೆ. ಅವಳ ದೇಶದಲ್ಲಿ ಹತ್ತೊಂಬತ್ತು ವರ್ಷ ಟೀಚರ್. ಇಲ್ಲಿಗೆ ಬಂದ ಮೇಲೆ ಐದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವ ಕೆಲಸ. ಯಾಕೆಂದರೆ ಅನುವಾದಕ ಮಹಾಶಯ ಅವಳ ಸರ್ಟಿಫಿಕೇಟಿನಲ್ಲಿದ್ದ ಶಿಶುವಿಹಾರವನ್ನು 'ಮಕ್ಕಳ ತೋಟ' ಎಂದು ಬರೆದಿದ್ದಾನೆ. ಇಲಾಖೆ ಅದನ್ನು ತೋಟಗಾರಿಕೆ ವಿಭಾಗಕ್ಕೆ ಕಳಿಸಿದೆ. ಅಲ್ಲಿಂದ ಉತ್ತರ — ಗಿಡ ಕಸಿ ಮಾಡಿದ ಅನುಭವವಿದ್ದರೆ ದಾಖಲೆ ಲಗತ್ತಿಸಿ! ನಗು ಬಂತು. ಆಮೇಲೆ ಬರಲಿಲ್ಲ. ಆ ಒಂದು ಪದ ತಿದ್ದಿಸಲು ಮೂರು ವರ್ಷ ಓಡಾಡಿದ್ದಾಳೆ.

ಫೆಬ್ರವರಿ ೭, ಶುಕ್ರವಾರ

ಏನೂ ಮಾಡುವುದಿಲ್ಲ. ನೆಲದ ಮೇಲೆ ಕೂರುತ್ತಾಳೆ, ನೋಡುತ್ತಾಳೆ, ಒಂದು ಸಣ್ಣ ಪುಸ್ತಕದಲ್ಲಿ ತನ್ನ ಲಿಪಿಯಲ್ಲಿ ಏನೋ ಗೀಚುತ್ತಾಳೆ. ನಾನು ಹನ್ನೆರಡು ಮಕ್ಕಳ ಹಿಂದೆ ಬುಗುರಿಯ ಹಾಗೆ ತಿರುಗುತ್ತಿದ್ದೇನೆ.

ಅಂಶ ೬: 'ತಾವಾಗಿ ಮುಂದೆ ಬಂದು ಕೆಲಸ ಮಾಡುತ್ತಾರೆ.' ಇಲ್ಲ ಎಂದು ಗುರುತು ಹಾಕಿದೆ. ಪೆನ್ಸಿಲ್‌ನಲ್ಲಿ.

ಬೆಳಿಗ್ಗೆ ಮನೆಯಲ್ಲಿ ತಿಂಡಿಗೆ ಕೂತಾಗ ನಮ್ಮ ಯಜಮಾನರ ಹತ್ತಿರ ದೂರಿದೆ. ಪೇಪರಿನ ಹಿಂದಿನಿಂದಲೇ ಹೇಳಿದರು — "ಹತ್ತೊಂಬತ್ತು ವರ್ಷ ಟೀಚರ್ ಆಗಿದ್ದೋಳು ಸುಮ್ನೆ ಕೂತಿದಾಳೆ ಅಂದ್ರೆ, ಏನೋ ಇರುತ್ತೆ ಕಣೇ." ಇವರಿಗೇನು ಗೊತ್ತು.

ಫೆಬ್ರವರಿ ೧೨, ಬುಧವಾರ. ಮಧ್ಯಾಹ್ನ ೧.೧೫

ಇವತ್ತು ಒಂದು ವಿಚಿತ್ರ ನೋಡಿದೆ.

ಕೆಂಪು ಬಕೆಟ್ಟಿಗೆ ಗುಂಡಣ್ಣನಿಗೂ ಅವನ ಗೆಳೆಯನಿಗೂ ಜಗ್ಗಾಟ. ದಿನದ ರಾಮಾಯಣ. ಬಕೆಟ್ ಕಿತ್ತು ಕಪಾಟಿನ ಮೇಲಿಡುವುದು ನನ್ನ ಪದ್ಧತಿ. ಹೊರಟೆ. ಅವಳು ಅಂಗೈ ಎತ್ತಿ, "ಅಕ್ಕ, ತಡಿ" ಎಂದಳು. ಮೊಣಕಾಲಲ್ಲಿ ಸರಿದು ಅವರಿಬ್ಬರ ಪಕ್ಕ ಕೂತಳು. ಮುಟ್ಟಲಿಲ್ಲ. ಮಾತಾಡಲಿಲ್ಲ. ಯಾರಾದರೂ ಹೊಡೆಯಲು ಕೈ ಎತ್ತಿದರೆ ತಡೆಯುವಷ್ಟು ಹತ್ತಿರ, ಅಷ್ಟೇ.

ನಾನು ಮನಸ್ಸಿನಲ್ಲೇ ಎಣಿಸಿದೆ. ಹತ್ತು. ಇಪ್ಪತ್ತು. ಗುಂಡಣ್ಣನ ಕೂಗು ಇಳಿಯಿತು. ಮೂವತ್ತು. ಇಬ್ಬರೂ ಅವಳ ಮುಖ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು. ನಲವತ್ತರ ಹೊತ್ತಿಗೆ ಗುಂಡಣ್ಣ ಬಕೆಟ್ ಬಿಟ್ಟು, "ನೀನು ಹಿಡ್ಕೋ, ನಾನು ಮರಳು ಹಾಕ್ತೀನಿ" ಎಂದ.

ನಾವು ಯಾರೂ ಹೇಳಿಕೊಡಲಿಲ್ಲ ಅದನ್ನು!

ಇಪ್ಪತ್ತಾರು ವರ್ಷದಲ್ಲಿ ನಾನು ನಲವತ್ತರವರೆಗೆ ಕಾದದ್ದೇ ಇಲ್ಲ.

ಅಂಶ ೬ನ್ನು ರಬ್ಬರಿನಿಂದ ಅಳಿಸಿದೆ.

ಫೆಬ್ರವರಿ ೨೦, ಗುರುವಾರ. ಮಧ್ಯಾಹ್ನ ೧.೩೦

ಈಗಲೇ ಬರೆದುಬಿಡಬೇಕು.

ಹನ್ನೆರಡೂ ಮಲಗಿವೆ. ಹನ್ನೆರಡೂ!

ಜುಟ್ಟು ಎಂದಿನಂತೆ ಎಡಮಗ್ಗುಲಾಗಿ ಗೋಡೆಗೆ ಮುಖ ಮಾಡಿ ಮಲಗಿತ್ತು. ಅಡುಗೆಮನೆಯಲ್ಲಿ ಚಮಚ ಬಿದ್ದರೂ ಬೆಚ್ಚುತ್ತಿತ್ತು. ನೆಲದ ಮೇಲೆ ಕೂತಿದ್ದ ಆ ಟೀಚರ್ ಎದ್ದು ಹೋದರು. ಚಾಪೆಯನ್ನು ತಿರುಗಿಸಿ ಹಾಕಿ, ಮಗುವನ್ನು ಮೆಲ್ಲಗೆ ಬಲಮಗ್ಗುಲಿಗೆ ಹೊರಳಿಸಿದರು. ಐದೇ ನಿಮಿಷ. ಗೊರಕೆ!

"ಏನು ಮಾಡ್ದೆ?" ಎಂದೆ.

ತಮ್ಮ ಬಲಕಿವಿಯ ಮೇಲೆ ಕೈಯಿಟ್ಟುಕೊಂಡರು. "ಬಾಗಿಲು... ಮುಚ್ಚಿದೆ."

ಅರ್ಥವಾಗಲಿಲ್ಲ. ಆ ಸಣ್ಣ ಪುಸ್ತಕ ತೆಗೆದು ತೋರಿಸಿದರು. ನಮ್ಮ ಕೋಣೆಯ ಚಿತ್ರ. ಕಪಾಟು, ಕಿಟಕಿ, ಮರಳಿನ ತೊಟ್ಟಿ. ನಡುವೆ ಒಂದು ಚುಕ್ಕೆ — ಜುಟ್ಟು. ಸುತ್ತ ಬಾಣಗಳು. ಆ ಬಾಣಗಳೆಲ್ಲ ನಾನು. ನಾನು ಅವಳನ್ನು ಕರೆದದ್ದು, ಎಲ್ಲಿಂದ, ಯಾವಾಗ. ಹದಿನೇಳು ಸಲ. ಬಲಗಡೆಯಿಂದ ಕರೆದಾಗೆಲ್ಲ ಮಗು ತಿರುಗಿದೆ. ಎಡಗಡೆಯಿಂದ ಒಂಬತ್ತು ಸಲ. ಗದ್ದಲವಿದ್ದಾಗ ತಿರುಗಿಯೇ ಇಲ್ಲ. ಗದ್ದಲವಿಲ್ಲದಾಗ ತಿರುಗಿದೆ... ಬಲಕ್ಕೆ. ನಾನು ಇಲ್ಲದ ಕಡೆಗೆ ತಿರುಗಿ ನನ್ನನ್ನು ಹುಡುಕಿದೆ.

"ಅಕ್ಕ, ಮಗು ಹಠ ಅಲ್ಲ. ಈ ಕಿವಿ ಇದೆ. ಈ ಕಿವಿ ಇಲ್ಲ."

ಐದು ತಿಂಗಳು. ನನ್ನ ಕೋಣೆ. ನನ್ನ ಕಣ್ಣೆದುರು. ಸುಮ್ಮನೆ ಕೂತಿದ್ದಾಳೆ ಎಂದು ನಾನು ಬರೆದ ಆ ದಿನಗಳಲ್ಲಿ ಅವರು ಇದನ್ನು ನೋಡುತ್ತಿದ್ದರು. ನಾಚಿಕೆ ಒಂದು ಕಡೆ ಇರಲಿ — ಮೈ ಜುಮ್ಮೆನ್ನುತ್ತಿದೆ. ಮನುಷ್ಯರಿಗೆ ಇಷ್ಟು ನೋಡುವುದಕ್ಕೆ ಬರುತ್ತದೆಯೇ?

ಇಷ್ಟು ದಿನ 'ಅವಳು' ಎಂದು ಬರೆದೆ. ಇನ್ನು ಆಗುವುದಿಲ್ಲ.

ಮಾರ್ಚ್ ೩, ಸೋಮವಾರ

ಎಲ್ಲ ಎಡವಟ್ಟಾಯಿತು.

ಜುಟ್ಟುವಿನ ಅಮ್ಮ ಸಿಟಿ ಬಸ್ ಓಡಿಸುತ್ತಾಳೆ. ಶುಕ್ರವಾರ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಮಗುವನ್ನು ಕರೆದೊಯ್ಯಲು ಬಂದಳು. ನಾನು ಮಾತಾಡಬೇಕಿತ್ತು. ಆದರೆ ಅವರು ಕಂಡಿದ್ದು, ಅವರೇ ಹೇಳಲಿ ಎಂದುಕೊಂಡೆ. ಅವರು ತಡವರಿಸುತ್ತ, "ನಿಮ್ಮ ಮಗು ಅರ್ಧ ಕೆಟ್ಟಿದೆ" ಎಂದುಬಿಟ್ಟರು. ಕಿವಿ ಎನ್ನುವ ಪದವೇ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ!

ನಾನು ಮಧ್ಯೆ ಬಾಯಿ ಹಾಕಿ ವಿವರಿಸುವಷ್ಟರಲ್ಲಿ ಆಕೆ ಕೆಂಡವಾಗಿದ್ದಳು. "ಬೆಡ್‌ಶೀಟ್ ಮಡಚ್ತಿದ್ದೋಳು ಹೇಳಿದ್ಲು ಅಂತ ನನ್ ಮಗೂನ ಕಿವುಡಿ ಮಾಡ್ತೀರಾ? ನಾನ್ ಹಾಡಿದ್ರೆ ತಲೆ ಆಡಿಸುತ್ತೆ ಅದು!"

ಇವತ್ತು ಜುಟ್ಟು ಬಂದಿಲ್ಲ. ಹೆಡ್ ಮೇಡಂ ನನ್ನ ಎದುರೇ ಫಾರಂ ತೆಗೆಸಿದರು. ಅಂಶ ೩೧: 'ಪಾಲಕರ ಜೊತೆ ಸೂಕ್ತವಾಗಿ ಮಾತಾಡುತ್ತಾರೆ.' ಇಲ್ಲ. ಈ ಸಲ ಪೆನ್ನಿನಲ್ಲಿ. "ಇದೊಂದೇ ಸಾಕು ಫೇಲ್ ಮಾಡೋಕೆ" ಎಂದರು.

ಆ ಟೀಚರ್ ಅಳಲಿಲ್ಲ. ಮಧ್ಯಾಹ್ನ ಹನ್ನೆರಡು ಚಾಪೆ ಹಾಸಿದರು. ಹನ್ನೊಂದಲ್ಲ.

ಮಾರ್ಚ್ ೭, ಶುಕ್ರವಾರ

ಬಂದಿಲ್ಲ.

ಮಾರ್ಚ್ ೧೪, ಶುಕ್ರವಾರ. ಸಂಜೆ ೫

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಆಕೆ ಬಂದಳು. ಜುಟ್ಟುವಿನ ಅಮ್ಮ. ಕೈಯಲ್ಲಿ ಆಸ್ಪತ್ರೆಯ ರಿಪೋರ್ಟು. ಹಠಕ್ಕೆ ಬಿದ್ದು ಮಾಡಿಸಿದ್ದಾಳೆ, ನಮ್ಮದು ಸುಳ್ಳೆಂದು ತೋರಿಸಲು. ಎಡಕಿವಿ ಹುಟ್ಟಿದಾಗಿನಿಂದ ಕೇಳಿಸುವುದೇ ಇಲ್ಲವಂತೆ. ಬಲಕಿವಿ ಚೆನ್ನಾಗಿದೆ.

ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಸಿದಳು. ಮೊಣಕಾಲು ಗದ್ದಕ್ಕೆ ತಾಗುವಷ್ಟು ಪುಟ್ಟದು. ನನ್ನನ್ನು ನೋಡಲಿಲ್ಲ, ಅವರನ್ನೇ ನೋಡಿದಳು.

"ಹುಟ್ಟಿದಾಗಿಂದ ಹೀಗೆ ಮಲಗಿಸ್ಕೊಂಡು ಹಾಡಿದೀನಿ." ಎಡತೋಳನ್ನು ತೊಟ್ಟಿಲು ಮಾಡಿ ತೋರಿಸಿದಳು. "ಹೀಗಿದ್ರೆ ಎಡಗಿವಿ ತಾನೇ ಮೇಲಕ್ಕಿರೋದು? ಇಷ್ಟು ವರ್ಷ ಕೇಳದೇ ಇರೋ ಕಿವಿಗೆ ಹಾಡಿದ್ನಾ ನಾನು?"

ಅವರು ಎದುರಿಗೆ ನೆಲದ ಮೇಲೆ ಕೂತರು. ಆಕೆಯ ತೋಳು ಇನ್ನೂ ಹಾಗೇ ಮಡಚಿಕೊಂಡಿತ್ತು. ಆ ಖಾಲಿ ತೋಳನ್ನೇ ಸ್ವಲ್ಪ ಹೊತ್ತು ನೋಡಿ, ಒಂದೊಂದೇ ಪದ ಹುಡುಕಿ ಹೇಳಿದರು —

"ಇಲ್ಲ ಅಮ್ಮ. ಒಳ್ಳೆ ಕಿವಿ ನಿಮ್ಮ ಎದೆ ಮೇಲೆ. ಮಗು ಹಾಡು ಹೊರಗಿಂದ ಕೇಳಿಲ್ಲ. ನಿಮ್ಮ ಒಳಗಿಂದ ಕೇಳಿದೆ."

ಆಕೆ ಅತ್ತಳು. ನಾನೂ. ಅವರು ಮಾತ್ರ ಅಳಲಿಲ್ಲ. ಟಿಶ್ಯೂ ಡಬ್ಬ ತಂದು ನಮ್ಮಿಬ್ಬರ ನಡುವೆ ಇಟ್ಟರು, ನಾವು ಬಕೆಟ್ ಜಗ್ಗಾಡುವ ಮಕ್ಕಳೇನೋ ಎಂಬ ಹಾಗೆ.

ಮಾರ್ಚ್ ೧೭, ಸೋಮವಾರ

ಜುಟ್ಟು ಬಂದಿದೆ. ಬಲಕ್ಕೆ ಕೂತು ಮಾತಾಡಿಸಿದೆ. ಬಾಯಿ ಮುಚ್ಚಲೇ ಇಲ್ಲ ಹುಡುಗಿ! ಎಷ್ಟು ಮಾತು ಇಟ್ಟುಕೊಂಡಿತ್ತು...

ಹೆಡ್ ಮೇಡಂ ಹತ್ತಿರ ಹೋಗಿ ಅಂಶ ೩೧ ತಿದ್ದಬೇಕು ಎಂದೆ.

"ಪೆನ್ನಲ್ಲಿ ಬರೆದಿದ್ದನ್ನ ತಿದ್ದೋ ಹಾಗಿಲ್ಲ. ಕಾರಣ ಬರೆದು ಸಹಿ ಹಾಕ್ಬೇಕಾಗುತ್ತೆ."

"ಹಾಕ್ತೀನಿ."

"ಜಾಗ ಒಂದೇ ಸಾಲು ಇದೆ."

ಬೇರೆ ಹಾಳೆ ಸೇರಿಸಿ ಒಂದೂವರೆ ಪುಟ ಬರೆದೆ. 'ಐದು ತಿಂಗಳು ನಾನು ಗಮನಿಸದೆ ಹೋದದ್ದನ್ನು' ಎಂದು ಶುರು ಮಾಡಿದೆ. ಮೇಡಂ ಓದಿ, ಕನ್ನಡಕ ತೆಗೆದು, "ನಿಮ್ಮ ಬಗ್ಗೆನೇ ದೂರು ಬರ್ದಂಗಿದೆಯಲ್ರೀ" ಎಂದರು. ಇರಲಿ ಎಂದೆ.

ಏಪ್ರಿಲ್ ೨೨, ಮಂಗಳವಾರ. ಮಧ್ಯಾಹ್ನ ೨

ಪರೀಕ್ಷಕರು ಬಂದು ಹೋದರು. ಬೂಟು ಬಿಚ್ಚದೆ ಕೋಣೆಯೊಳಗೆ ಕಾಲಿಟ್ಟ ಗಂಭೀರ ಮನುಷ್ಯ. ಗುಂಡಣ್ಣ, "ತಾತ, ಚಪ್ಪಲಿ ಆಚೆ!" ಎಂದು ಕಳಿಸಿದ.

ಎರಡು ಗಂಟೆ ನೋಡಿದರು. ಆಮೇಲೆ ಪ್ರಶ್ನೆ. ನಮ್ಮ ಟೀಚರ್ ಹೆದರಿದ್ದರು, ಕುತ್ತಿಗೆಯ ನರ ಕಾಣುತ್ತಿತ್ತು. ನಾನು ಮೂಲೆಯಲ್ಲಿ. ಮಾತಾಡುವಂತಿಲ್ಲ.

"ಮಗು ಅತ್ತರೆ ಏನು ಮಾಡ್ತೀರಿ?"

"ಯಾವ ಮಗು?"

ಅರ್ಥವಾಗಿಲ್ಲವೆಂದುಕೊಂಡರು ಪರೀಕ್ಷಕರು. ಜೋರಾಗಿ, ಬಿಡಿಸಿ ಬಿಡಿಸಿ ಕೇಳಿದರು — "ಮಗು. ಅಳ್ತಾ ಇದೆ. ನೀವು. ಏನು. ಮಾಡ್ತೀರಿ?"

"ಯಾವ ಮಗು?"

ಫಾರಂ ಮೇಲೆ ಪೆನ್ನು ಇಳಿಯಿತು. 'ಇಲ್ಲ'ದ ಚೌಕದ ಹತ್ತಿರ. ನನ್ನ ಗಂಟಲಿಗೆ ಮಾತು ಬಂದಿತ್ತು. ತಡೆದುಕೊಂಡೆ. ಎಣಿಸಿದೆ, ಒಂದು, ಎರಡು...

ಅವರು ಮಕ್ಕಳತ್ತ ಬೆರಳು ಚಾಚಿದರು. "ಇವನು ಅತ್ತರೆ — ಹಸಿವು. ಬೇಗ ಕೊಡಬೇಕು. ಅವಳು ಅತ್ತರೆ ನೋಡಬಾರದು, ನಾಚಿಕೆ. ನಾನು ಬೆನ್ನು ತಿರುಗಿ ಹತ್ತಿರ ಕೂರ್ತೀನಿ, ಅವಳೇ ಬರ್ತಾಳೆ. ಆ ಮಗು ಅಳಲ್ಲ. ನಗುತ್ತೆ. ತುಂಬ ನಗುತ್ತೆ, ಆಗ ನೋವು. ಆ ಹುಡುಗ ಅಮ್ಮ ಹೋದಾಗ ಅಳಲ್ಲ, ಅಮ್ಮ ಬಂದಾಗ ಅಳ್ತಾನೆ. ಅದು ಒಳ್ಳೆ ಅಳು. ಬಿಡಬೇಕು..."

ಹನ್ನೆರಡೂ. ಒಂದೊಂದಾಗಿ. 'ಅವನು', 'ಅವಳು' ಕೂಡ ಒಂದೂ ತಪ್ಪಲಿಲ್ಲ!

ಹನ್ನೊಂದು ವಾರವಷ್ಟೇ ಆಗಿದೆ ಈ ಮಕ್ಕಳನ್ನು ಕಂಡು. ನಾನು ಕೇಳುತ್ತ ಕೇಳುತ್ತ ಗೋಡೆಗೆ ಒರಗಿದೆ. ಪ್ರತಿಯೊಂದೂ ನಿಜ. ಅರ್ಧದಷ್ಟು ನನಗೇ ಗೊತ್ತಿರಲಿಲ್ಲ.

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. ಮೆಲ್ಲಗೆ ಕೇಳಿದರು — "ನನ್ನ ಮೊಮ್ಮಗ ಒಬ್ಬ ಇದಾನೆ, ರಾತ್ರಿ ಮಾತ್ರ ಅಳ್ತಾನೆ. ಅದು...?"

"ನೋಡಬೇಕು" ಎಂದರು ಅವರು. "ನೋಡದೆ ಗೊತ್ತಿಲ್ಲ."

ಮೇ ೯, ಶುಕ್ರವಾರ. ಮಧ್ಯಾಹ್ನ ೧.೨೫

ಪತ್ರ ಬಂತು. ಪಾಸು! ಪೂರ್ಣ ಪ್ರಮಾಣದ ಶಿಕ್ಷಕಿ. ಸೋಮವಾರದಿಂದ ಪಕ್ಕದ ಕೋಣೆ ಅವರದು. ಅಡುಗೆಯಮ್ಮ ಅಪ್ಪಿಕೊಂಡು ಬಿಡಲೇ ಇಲ್ಲ. ಅವರು ಪತ್ರವನ್ನು ಎರಡು ಸಲ ಓದಿ ಮಡಚಿ ಇಟ್ಟುಕೊಂಡರು. ನಂತರ ಚಾಪೆ ಹಾಸಿದರು.

ಮಕ್ಕಳು ಮಲಗಿದ ಮೇಲೆ ಪಕ್ಕ ಕೂತೆ. ಮೂರು ತಿಂಗಳಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದೆ. ಯಾಕೆ ಕೇಳಿರಲಿಲ್ಲವೋ!

"ನಿಮ್ಮ ಊರಲ್ಲಿ ಮೊದಲನೇ ವರ್ಷದ ಮಕ್ಕಳು ನೆನಪಿದಾರಾ?"

ಕಿಟಕಿಯತ್ತ ತಿರುಗಿದರು. ಬೇಡದ್ದು ಕೇಳಿದೆನೇನೋ ಅನ್ನಿಸಿತು. ಆಮೇಲೆ, "ಇಪ್ಪತ್ತಮೂರು" ಎಂದರು. ಹೇಳತೊಡಗಿದರು. ಬಾಗಿಲ ಹಿಂದೆ ಅಡಗುತ್ತಿದ್ದ ಹುಡುಗ. ಸಕ್ಕರೆಯನ್ನು ಇರುವೆಗೆಂದೇ ಎತ್ತಿಡುತ್ತಿದ್ದವಳು. ಅವಳಿಜವಳಿ, ಒಬ್ಬನಿಗೆ ಪೆಟ್ಟಾದರೆ ಇನ್ನೊಬ್ಬ ಕುಂಟುತ್ತಿದ್ದ. ಹೆಸರು, ಕಣ್ಣು, ನಡೆಯುವ ರೀತಿ. ಇಪ್ಪತ್ನಾಲ್ಕು ವರ್ಷದ ಹಿಂದಿನವು. ಈ ನೆಲದ ಮೇಲೆ, ನನ್ನ ಮಕ್ಕಳ ಚಾಪೆಗಳ ನಡುವೆ, ಒಂದೊಂದಾಗಿ ಬಂದು ಕೂರುತ್ತಿವೆ.

ಏಳು ಮಕ್ಕಳು ಆಗಿವೆ. ಗುಂಡಣ್ಣ ನಿದ್ದೆಗಣ್ಣಲ್ಲಿ ಎದ್ದ. ತಟ್ಟಲು ಹೋಗಿದ್ದಾರೆ. ಅಷ್ಟರಲ್ಲಿ ಇಷ್ಟು ಬರೆದೆ.

ಬಂದರು. ಎಂಟನೆಯದು ಹುಡುಗಿಯಂತೆ. ತುಂಬ ಸಣ್ಣ ದನಿ, ಆದರೆ ನಗುವಾಗ —