ಆಫ್ ಮಾಡಿಟ್ಟ ಸ್ವಿಚ್ಚು

ಶಿರಸಿ, ೧೩ ಫೆಬ್ರವರಿ, ಶುಕ್ರವಾರ

ಸೌರಶಕ್ತಿ ಸಾಮ್ರಾಜ್ಯದ ಆರತಿ ತಟ್ಟೆ ಇಂಜಿನಿಯರ್ ಕುಮಾರಿ ಅಭಿಜ್ಞಾ ಎಂಬ ನಾನು ಇಂದು ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆನೆಂದು ಈ ಮೂಲಕ ಘೋಷಿಸುತ್ತೇನೆ.

ದಾಸನಕೊಪ್ಪದ ಅಕ್ಕಿ ಗಿರಣಿಯ ಸೋಲಾರ್‌ಗೆ ಇವತ್ತು ಪೂಜೆ. ನಕ್ಷೆ ನನ್ನದು. ಮೂರು ತಿಂಗಳು ಮಾಡಿನ ತಗಡಿನ ಮೇಲೆ ಬೆಂದವಳೂ ನಾನೇ. ಇದು ಸರಿಹೋದರೆ ಯಲ್ಲಾಪುರದ ದೊಡ್ಡ ಕೆಲಸ ನಿನಗೇ ಎಂದಿದ್ದರು ಬಾಸ್ ಸೀತಾರಾಮಣ್ಣ. ಬೆಳಿಗ್ಗೆ ಅವರೇ, "ತಂಗಿ, ನೀ ಆರತಿ ತಟ್ಟೆ ಹಿಡ್ಕ. ಬಂದವ್ಕೆ ತುಷಾರ ವಿವರಣೆ ಕೊಡ್ತ" ಎಂದರು. ತುಷಾರ ಕೆಲಸಕ್ಕೆ ಸೇರಿ ಎರಡು ತಿಂಗಳು. ಅವನಿಗೆ ಇನ್ವರ್ಟರ್ ಎಂದರೇನೆಂದು ತೋರಿಸಿದ್ದೇ ನಾನು.

ಸಿಟ್ಟಿಗೆ ಇನ್ವರ್ಟರ್ ಪಕ್ಕದ ಸ್ವಿಚ್ ಆಫ್ ಮಾಡಿಟ್ಟೆ. ಅತಿಥಿಗಳು ಗುಂಡಿ ಒತ್ತಿದಾಗ ಏನೂ ಆಗುವುದಿಲ್ಲ, ಎಲ್ಲರೂ ನನ್ನನ್ನೇ ಕೂಗುತ್ತಾರೆ, ನಾನು ತಟ್ಟೆ ಕೆಳಗಿಟ್ಟು ಮಹಾಗಂಭೀರವಾಗಿ ನಡೆದುಬರುತ್ತೇನೆ.

ಗುಂಡಿ ಒತ್ತಿದರು. ಏನೂ ಆಗಲಿಲ್ಲ. "ತುಷಾರ್ ಸರ್, ಸ್ವಲ್ಪ ನೋಡ್ರಿ!" ಎಂದು ಕೂಗಿದರು ಗಿರಣಿ ಮಾಲೀಕರು. ನನ್ನ ಕಡೆ ಒಬ್ಬರೂ ತಿರುಗಲಿಲ್ಲ. ನಾನು ಕಲಿಸಿದ ಹಾಗೆಯೇ ಅವನು ಮೊದಲು ಸ್ವಿಚ್ ನೋಡಿದ, ಹಾಕಿದ. ಚಪ್ಪಾಳೆಯೋ ಚಪ್ಪಾಳೆ. "ಹುಡುಗ ಭಾಳ ಚುರುಕದಾನ್ರಿ!"

ವಾಪಸ್ ಬರುವಾಗ ಜೀಪಿನಲ್ಲೇ ಯಲ್ಲಾಪುರ ಅವನ ಪಾಲಾಯಿತು. "ನೀನೂ ಹೋಗು ತಂಗಿ, ಅವಂಗೆ ಸ್ವಲ್ಪ ಹೇಳ್ಕೊಡು" ಎಂದರು ಸೀತಾರಾಮಣ್ಣ. "ಅಡ್ಡಿಲ್ಲೆ" ಎಂದುಬಿಟ್ಟೆ.

ಸ್ವಿಚ್ ಆಫ್ ಮಾಡಿದ್ದು ನಾನೆಂದು ಹೇಳಿದರೆ ಇರುವ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ಅವನ ಜಾಣತನಕ್ಕೆ ಜೀವಮಾನವಿಡೀ ನಾನೇ ಆರತಿ ಎತ್ತುತ್ತಿರಬೇಕು.